ಸೆಖೆ ತಾಳುವ ಹುಳು, ಎಳೆ ಕೊಡುವ ಹುಳು

ಮೈಸೂರಿನ ಲಕ್ಷ್ಮೀಪುರಂ ದಾಟಿ ಮಾನಂದವಾಡಿ ರಸ್ತೆ ಹಿಡಿದರೆ ಮೊದಲು ಸಿಗುವುದು 1912ರ ರೇಷ್ಮೆ ನೇಯ್ಗೆ ಕಾರ್ಖಾನೆ. ಇನ್ನೂ ಮುಂದೆ, ಶ್ರೀರಾಂಪುರದಲ್ಲಿ, 1961ರಲ್ಲಿ ಶುರುವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಸೀರೆ ಕೊಳ್ಳಲು ಬಂದವರು ಅಲ್ಲಿಯವರೆಗೆ ಹೋಗುವುದಿಲ್ಲ. ಆದರೆ ಹುಳು ಎಷ್ಟು ಸೆಖೆ ತಾಳೀತು ಎಂಬ ಪರೀಕ್ಷೆ ದಶಕಗಳಿಂದ ನಡೆದಿರುವುದು ಅಲ್ಲೇ.

ರೇಷ್ಮೆಹುಳುವಿಗೆ ಬೆವರಿಲ್ಲ. ಹೊರಗಿನ ಕಾವು ಏರಿದಂತೆ ಮೈಕಾವೂ ಏರುತ್ತದೆ. ಚಾಕಿ ಎನ್ನುವ ಎಳೆಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ನಾಲ್ಕನೇ ಸಲ ಪೊರೆ ಬಿಟ್ಟು, ರೈತರ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದು, ಸೊಪ್ಪು ಮುಕ್ಕುವ ದೊಡ್ಡ ಹುಳುವಿಗೆ 24ರ ಆಸುಪಾಸು ಸಾಕು. 30 ದಾಟಿತೋ, ಮೇವು ಒಲ್ಲದು, ಸಪ್ಪೆ ರೋಗ ತಗುಲುತ್ತದೆ, ಬದುಕುಳಿದದ್ದೂ ತೆಳ್ಳನೆಯ ಗೂಡು ಕಟ್ಟುತ್ತದೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿದ ರೇಷ್ಮೆ ಕಸುಬು ಬಹುಕಾಲ ನೆಚ್ಚಿದ್ದು ಮೈಸೂರು ತಳಿಯನ್ನು. ಹಸಿರು ಹಳದಿ ಬಣ್ಣದ ಪುಟ್ಟ ಗೂಡು, ಎಳೆ ಗಿಡ್ಡ. ಆದರೆ ಇಲ್ಲಿನ ಬೇಸಿಗೆಗೆ ಒಗ್ಗಿದ ಗಟ್ಟಿ ಜೀವ. ಚೀನಾ, ಜಪಾನಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳು ಬಿಳಿ ಗೂಡಿನಲ್ಲಿ ಅದರ ಎರಡು ಮೂರು ಪಟ್ಟು ಉದ್ದದ ಎಳೆ ಸುತ್ತುತ್ತದೆ, ಸೆಖೆಗೆ ಮಾತ್ರ ಸೋಲುತ್ತದೆ. 1920ರ ದಶಕದಲ್ಲಿ ಎರಡನ್ನೂ ಕೂಡಿಸಿ ಮಿಶ್ರತಳಿ ಮಾಡಿದ್ದು ಒಂದು ರಾಜಿ. ಆ ರಾಜಿ ಇಂದಿಗೂ ಮುಗಿದಿಲ್ಲ.

ದೊಡ್ಡ ತಿರುವು ಬಂದದ್ದು 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾದ ನೆರವಿನ ಯೋಜನೆ ಆರಂಭವಾದ ಮೇಲೆ. ಮೈಸೂರಿನ ವಿಜ್ಞಾನಿಗಳು ಸಿಎಸ್‌ಆರ್2, ಸಿಎಸ್‌ಆರ್4ರಂಥ ಹೇರಳ ಎಳೆಯ ದ್ವಿತಳಿಗಳನ್ನು ಬೆಳೆಸಿದರು. ಒಳ್ಳೆಯ ಋತುವಿಗೆ ಅವು ಸರಿ. ಬೇಸಿಗೆಗೆ ಬೇರೆಯದೇ ಹಾದಿ ಬೇಕಾಯಿತು. ಐದನೇ ಹಂತದ ಹುಳುಗಳನ್ನು 36 ಡಿಗ್ರಿ ಕಾವು, ಶೇ 85ರ ತೇವದಲ್ಲಿಟ್ಟು, ಉಳಿದವುಗಳಿಂದಲೇ ಮುಂದಿನ ಪೀಳಿಗೆ ಪಡೆದರು. ನಿರ್ದಯ ಆಯ್ಕೆಯೇ ಸರಿ. ಹಾಗೆ ಹುಟ್ಟಿದ್ದು ಸಿಎಸ್‌ಆರ್18 ಮತ್ತು 19ರ ಜೋಡಿ. ತಾಳಿಕೆ ಹೆಚ್ಚಿತು, ಎಳೆಯಲ್ಲಿ ಒಂದಿಷ್ಟು ಬಿಟ್ಟುಕೊಡಬೇಕಾಯಿತು.

ಈ ತಾಳಿಕೆಯ ಒಳಗುಟ್ಟಿನ ಎಳೆ ಸಿಕ್ಕಿದ್ದು ಬೇರೊಂದು ಕೀಟದಲ್ಲಿ. 1962ರಲ್ಲಿ ಇಟಲಿಯ ಫೆರುಚಿಯೊ ರಿತೋಸಾ, ಕಾವು ತಗುಲಿದ ಹಣ್ಣಿನ ನೊಣದ ವರ್ಣತಂತುಗಳು ಅಲ್ಲಲ್ಲಿ ಉಬ್ಬುವುದನ್ನು ವರದಿ ಮಾಡಿದರು. ಕಾವಿಗೆ ಮಡಿಕೆ ತಪ್ಪುವ ಪ್ರೋಟೀನುಗಳನ್ನು ಕಾಯುವ ಪ್ರೋಟೀನುಗಳು ತಯಾರಾಗುವ ಸುಳಿವು ಅದು. ರೇಷ್ಮೆಹುಳುವಿನಲ್ಲೂ ಇಂಥವು ಇವೆ. ತಳಿ ಆಯ್ಕೆಗೆ ಅವನ್ನು ಗುರುತಾಗಿ ಬಳಸುವ ಪ್ರಯತ್ನ ಸಾಗಿದೆ.

ರೈತರು ಅಷ್ಟು ಕಾಯಲಿಲ್ಲ. ಹುಳು ಸಾಕುವ ಮನೆಯ ಮಾಡಿಗೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿತಾಟು, ಸುತ್ತ ಮರದ ನೆರಳು, ಸೊಪ್ಪು ಕೊಯ್ಯುವುದು ಬೆಳಗಿನ ತಂಪಿನಲ್ಲಿ. ಎಳೆಹುಳುವಿನ ಜವಾಬ್ದಾರಿಯನ್ನು ಈಗ ಚಾಕಿ ಕೇಂದ್ರಗಳು ಹೊತ್ತಿವೆ. ಎರಡನೇ ಜ್ವರ ದಾಟಿದ ಹುಳು ರೈತರ ಮನೆಗೆ ಬರುತ್ತದೆ.

ದ್ವಿತಳಿ ವರ್ಷವರ್ಷವೂ ಹಬ್ಬುತ್ತಿದ್ದರೂ ದೇಶದ ಹಿಪ್ಪುನೇರಳೆ ರೇಷ್ಮೆಯ ಹೆಚ್ಚು ಪಾಲು ಇನ್ನೂ ಮಿಶ್ರತಳಿಯದೇ. ಅದರ ಮೊಟ್ಟೆ ಇಡಲು ಕರ್ನಾಟಕದಲ್ಲಿ ಬಳಕೆಯಾಗುವುದು ಮೈಸೂರು ತಳಿಯ ಹೆಣ್ಣು ಚಿಟ್ಟೆ. ಹಾಗಾಗಿ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಗೂಡಿನ ರೈತರು ಆ ಹಳೆಯ ತಳಿಯನ್ನು ಇಂದಿಗೂ ಬೇರೆಯಾಗಿಯೇ ಸಾಕುತ್ತಿದ್ದಾರೆ.