ಕೈಹಿಡಿತದಿಂದ ಕಡತದವರೆಗೆ: ‘ಕಂಟ್ರೋಲ್’ ಪದದ ಚರಿತ್ರೆ



ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ರಂಗಕಲಾವಿದರ ಊರೆಂದು ನೀವು ಇದರ ಹೆಸರನ್ನು ಕೇಳಿರಬಹುದು. ಅಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಡಿ. “ಲಾರಿ ಕಂಟ್ರೋಲ್ ತಪ್ಪಿತು”, “ಖರ್ಚು ಹೇಗೋ ಮ್ಯಾನೇಜ್ ಮಾಡಿದೆ”, “ಲೆಕ್ಕ ಒಮ್ಮೆ ಚೆಕ್ ಮಾಡು”, “ಹುಡುಗನಿಗೆ ಗಣಿತದಲ್ಲಿ ಗ್ರಿಪ್ ಇದೆ”. ಹಿಡಿತವನ್ನು ಸೂಚಿಸುವ ಈ ನಾಲ್ಕು ಇಂಗ್ಲಿಷ್ ಪದಗಳು ಇಂದು ಕನ್ನಡದ ಮಾತಿನಲ್ಲಿ ಬೆರೆತುಹೋಗಿವೆ. ಆದರೆ ಇವುಗಳ ಹುಟ್ಟು ಒಂದೇ ಅಲ್ಲ. ಅರ್ಥವೂ ಒಂದೇ ಅಲ್ಲ.

‘ಗ್ರಿಪ್’ ಅಚ್ಚ ಇಂಗ್ಲಿಷ್ ಪದ. ಕೈಯಿಂದ ಬಿಗಿಯಾಗಿ ಹಿಡಿಯುವುದೇ ಅದರ ಮೂಲಾರ್ಥ. ನಮ್ಮ ‘ಹಿಡಿ’ ಎಂಬ ಧಾತುವಿನಿಂದ ‘ಹಿಡಿತ’ ಬಂದ ಹಾಗೆಯೇ ಇದು. ‘ಮ್ಯಾನೇಜ್’ ಎಂಬುದರಲ್ಲಿಯೂ ಕೈಯೇ ಇದೆ. ಇಟಲಿಯ ಭಾಷೆಯಲ್ಲಿ ಕೈಗೆ ‘ಮಾನೊ’ ಎನ್ನುತ್ತಾರೆ. ಕುದುರೆಯನ್ನು ಪಳಗಿಸುವ ಕೆಲಸಕ್ಕೆ ಅಲ್ಲಿ ಬಳಸುತ್ತಿದ್ದ ಪದ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಅದೇ ಶತಮಾನದಲ್ಲಿ ವಿಜಯನಗರದ ಅರಸರು ಪೋರ್ಚುಗೀಸರ ಮೂಲಕ ಅರಬ್ಬೀ ಕುದುರೆಗಳನ್ನು ಕೊಳ್ಳುತ್ತಿದ್ದರೆಂಬುದು ನಿಮಗೆ ಗೊತ್ತೇ ಇದೆ. ‘ಕಮಾಂಡ್’, ‘ಮೇಂಟೇನ್’ ಎಂಬ ಪದಗಳೊಳಗೂ ಲ್ಯಾಟಿನ್ನಿನ ಅದೇ ‘ಕೈ’ ಅಡಗಿದೆ.

‘ಚೆಕ್’ ಪದದ ಕಥೆ ಇನ್ನೂ ಸ್ವಾರಸ್ಯಕರ. ಭಾರತದ ಚದುರಂಗ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ಆಟದ ರಾಜನಿಗೆ ‘ಷಾ’ ಎಂದು ಕರೆದರು. ರಾಜನಿಗೆ ಅಪಾಯ ಬಂದಾಗ ‘ಷಾ!’ ಎಂದು ಕೂಗುವುದು ವಾಡಿಕೆಯಾಯಿತು. ಅದೇ ಕೂಗು ಅರಬ್ಬರ ಮತ್ತು ಫ್ರೆಂಚರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷಿನ ‘ಚೆಕ್’ ಆಯಿತು. 1565ರ ಯುದ್ಧದಲ್ಲಿ ವಿಜಯನಗರವನ್ನು ಎದುರಿಸಿದ ಬಿಜಾಪುರದ ಆದಿಲ್ ಷಾನ ಹೆಸರಿನಲ್ಲಿರುವುದೂ ಇದೇ ‘ಷಾ’.

ಇನ್ನು ‘ಕಂಟ್ರೋಲ್’. ಇದರಲ್ಲಿ ಕೈಯೂ ಇಲ್ಲ, ಕುದುರೆಯೂ ಇಲ್ಲ. ಇರುವುದು ಲೆಕ್ಕದ ಸುರುಳಿ. ಮಧ್ಯಯುಗದ ಫ್ರಾನ್ಸಿನಲ್ಲಿ ಒಬ್ಬ ಗುಮಾಸ್ತ ಒಂದು ಸುರುಳಿಯಲ್ಲಿ ಲೆಕ್ಕ ಬರೆದರೆ, ಇನ್ನೊಬ್ಬ ಅದೇ ಲೆಕ್ಕವನ್ನು ಬೇರೊಂದು ಸುರುಳಿಯಲ್ಲಿ ಬರೆದಿಡುತ್ತಿದ್ದ. ಈ ಎರಡನೆಯದಕ್ಕೆ ‘ಎದುರು ಸುರುಳಿ’ ಎಂಬರ್ಥದ ಹೆಸರಿತ್ತು, ಅದೇ ‘ಕಂಟ್ರೋಲ್’. ಅಂದರೆ ಈ ಪದದ ಮೊದಲ ಅರ್ಥ ಅದುಮಿಡುವುದಲ್ಲ, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುವುದು. ನಮ್ಮ ಸಂವಿಧಾನದ 148ನೇ ವಿಧಿ ಹೇಳುವ ‘ನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು’ ಎಂಬ ಹುದ್ದೆಯಲ್ಲಿ ಈ ಹಳೆಯ ಅರ್ಥ ಇಂದಿಗೂ ಉಳಿದಿದೆ.

ಈ ಲೆಕ್ಕದ ಆಡಳಿತ ಬಳ್ಳಾರಿ ಸೀಮೆಗೆ ಬಂದದ್ದು 1800ರಲ್ಲಿ. ಆ ವರ್ಷ ನಿಜಾಮನು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಪ್ರಧಾನ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಪಾಳೆಯಗಾರರನ್ನು ಅಡಗಿಸಿದ್ದು ಬಿಗಿಹಿಡಿತದ ಕೆಲಸ. ಹೊಲಗಳನ್ನು ಅಳೆಸಿ, ರೈತನೊಬ್ಬೊಬ್ಬನ ಹೆಸರಿನಲ್ಲಿ ಕಂದಾಯ ಗೊತ್ತುಪಡಿಸಿದ್ದು ಲೆಕ್ಕದ ಕೆಲಸ. ಊರಿನ ಶಾನುಭೋಗರ ಕಡತದ ಮೇಲೆ ತಾಲ್ಲೂಕು ಕಚೇರಿ, ಅದರ ಮೇಲೆ ಕಲೆಕ್ಟರ್, ಅವನ ಮೇಲೆ ಮದರಾಸಿನ ರೆವಿನ್ಯೂ ಬೋರ್ಡ್. ಕಂಪನಿಯ ನಿರ್ದೇಶಕರ ಮೇಲೂ ಲಂಡನ್ನಿನಲ್ಲಿ ಒಂದು ಮಂಡಳಿ ಇತ್ತು. 1784ರ ಕಾಯಿದೆಯಿಂದ ಹುಟ್ಟಿ 1858ರವರೆಗೆ ಇದ್ದ ಅದರ ಹೆಸರೇ ‘ಬೋರ್ಡ್ ಆಫ್ ಕಂಟ್ರೋಲ್’. ಆದರೆ ಒಂದನ್ನು ಗಮನಿಸಿ: ಈ ತಾಳೆಯೆಲ್ಲ ಮೇಲಿನವರು ಕೆಳಗಿನವರ ಲೆಕ್ಕ ನೋಡುವುದಾಗಿತ್ತು. ಮೇಲಿನವರ ಲೆಕ್ಕ ಕೇಳುವ ಹಕ್ಕು ರೈತನಿಗೆ ಇರಲಿಲ್ಲ.

ಜನಸಾಮಾನ್ಯರ ನಾಲಿಗೆಗೆ ಈ ಪದ ಹತ್ತಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಧಾನ್ಯದ ಬೆಲೆ ಮತ್ತು ಹಂಚಿಕೆಯನ್ನು ಸರ್ಕಾರ ಕೈಗೆತ್ತಿಕೊಂಡಾಗ ಪಡಿತರದ ಅಂಗಡಿ ‘ಕಂಟ್ರೋಲ್ ಅಂಗಡಿ’ಯಾಯಿತು.

ಹಾಗಾದರೆ ಕನ್ನಡಕ್ಕೆ ಈ ಅರ್ಥದ ಪದಗಳೇ ಇರಲಿಲ್ಲವೇ? ಇದ್ದವು, ಬಗೆಬಗೆಯವು ಇದ್ದವು. ಕುದುರೆಗೆ ಕಡಿವಾಣ, ಆನೆಗೆ ಅಂಕುಶ. ‘ಹದ್ದುಬಸ್ತು’ ಪರ್ಷಿಯನ್ ಮೂಲದ್ದು. ಹದ್ದು ಎಂದರೆ ಎಲ್ಲೆ, ಬಸ್ತು ಎಂದರೆ ಕಟ್ಟಿದ್ದು. ಜಮೀನಿನ ಎಲ್ಲೆ ಕಟ್ಟುವ ಮಾತು ಮನುಷ್ಯರನ್ನು ಅಂಕೆಯಲ್ಲಿಡುವ ಮಾತಾಗಿ ಬೆಳೆಯಿತು. ‘ಯಂತ್ರ’ ಮತ್ತು ‘ನಿಯಂತ್ರಣ’ ಒಂದೇ ಸಂಸ್ಕೃತ ಧಾತುವಿನ ಮಕ್ಕಳು. ಎಲ್ಲಕ್ಕಿಂತ ಸೊಗಸಾದದ್ದು ‘ಅಂಕೆ’. ಎಣಿಕೆಯ ಸಂಖ್ಯೆಗೂ ಅಂಕೆ ಎನ್ನುತ್ತೇವೆ, ಹತೋಟಿಗೂ ಅಂಕೆ ಎನ್ನುತ್ತೇವೆ. ಫ್ರೆಂಚರ ಸುರುಳಿಯಲ್ಲಿ ಕೂಡಿಬಂದ ಲೆಕ್ಕ ಮತ್ತು ಹಿಡಿತ ಎರಡೂ ಈ ಎರಡಕ್ಷರದಲ್ಲಿ ಜೊತೆಯಾಗಿವೆ. ಅಂಕೆಯಿಲ್ಲದ ಕಪಿ ಲಂಕೆಯನ್ನು ಸುಟ್ಟ ಗಾದೆ ನಿಮಗೆ ತಿಳಿದದ್ದೇ.

ಈಗ ಮತ್ತೆ ಮರಿಯಮ್ಮನಹಳ್ಳಿಗೆ ಬರೋಣ. ಅಲ್ಲಿಗೆ ಸಮೀಪದಲ್ಲೇ ತುಂಗಭದ್ರಾ ಜಲಾಶಯದ ಹಿನ್ನೀರು ಹರಡಿದೆ. ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಸೇರಿ 1945ರಲ್ಲಿ ಆರಂಭಿಸಿದ ಈ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ನದಿಯನ್ನು ಹಿಡಿದಿಟ್ಟದ್ದರಿಂದ ಲಕ್ಷಾಂತರ ಎಕರೆ ಹಸಿರಾಯಿತು, ನಿಜ. ಆದರೆ ನಾರಾಯಣದೇವರಕೆರೆಯಂಥ ಊರುಗಳು ನೀರಿನಡಿ ಸೇರಿದವು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನದಿಯ ಮೇಲಿನ ಹಿಡಿತಕ್ಕೆ ಅವರು ತೆತ್ತ ಬೆಲೆ ತಮ್ಮ ಮನೆ, ಹೊಲ, ಊರು.

ಆ ಹಿಡಿತವೂ ಶಾಶ್ವತವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಸಮಯವದು. ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ರೈತರು ಕಂಗಾಲಾದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ಇಳಿಸಿ ಕಿಂಡಿ ಮುಚ್ಚಲು ತಂತ್ರಜ್ಞರಿಗೆ ಸುಮಾರು ಒಂದು ವಾರ ಹಿಡಿಯಿತು.

ಸರಪಳಿ ಎಷ್ಟೇ ಗಟ್ಟಿಯಾಗಿರಲಿ, ಅದು ‘ಗ್ರಿಪ್’ ಮಾತ್ರ. ಅದು ಸವೆದಿದೆಯೇ ಎಂದು ಕಾಲಕಾಲಕ್ಕೆ ನೋಡಿ, ಬರೆದಿಟ್ಟು, ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡುವುದು ‘ಕಂಟ್ರೋಲ್’. ಅಣೆಕಟ್ಟಿಗೆ ಸಲ್ಲುವ ಈ ಮಾತು ಆಡಳಿತಕ್ಕೂ ಸಲ್ಲುತ್ತದೆ. ಬಿಗಿಮುಷ್ಟಿಯ ಅಧಿಕಾರಕ್ಕೆ ಲೆಕ್ಕ ಕೇಳುವವರು ಬೇಕಿಲ್ಲ. ನಿಜವಾದ ನಿಯಂತ್ರಣಕ್ಕೆ ಎರಡನೆಯ ಸುರುಳಿ ಬೇಕು. ಪ್ರಜಾಪ್ರಭುತ್ವದಲ್ಲಿ ಆ ಸುರುಳಿ ನಿಮ್ಮ ಕೈಯಲ್ಲಿದೆ. ನಿಮ್ಮ ಗ್ರಾಮಸಭೆಯಲ್ಲಿ ಲೆಕ್ಕ ಓದುವ ದಿನ ಹೋಗಿ ಕುಳಿತು, ಕೇಳಿ, ಬರೆದುಕೊಳ್ಳಿ.