ನೆತ್ತಿಯ ಮೇಲಿನ ನವಿಲುಗಳು

ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಕಾಲಿಟ್ಟವರು ಮೊದಲು ತಲೆಯೆತ್ತಿ ನೋಡುತ್ತಾರೆ. ಎಂಟು ಮೂಲೆಯ ಆ ಸಭಾಂಗಣದ ಮೇಲೆ ಬಣ್ಣದ ಗಾಜಿನ ನವಿಲುಗಳು ಹರಡಿಕೊಂಡಿವೆ. ದಸರೆಗೆ ಊರಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ, ‘ಇದು ನಮ್ಮ ಮೈಸೂರಿನದು’ ಎನ್ನುತ್ತೇವೆ. ಆ ಮಾತು ಎಷ್ಟರಮಟ್ಟಿಗೆ ನಿಜ?

ಬಣ್ಣದ ಗಾಜಿನ ಕಲೆ ಯುರೋಪಿನಲ್ಲಿ ಬೆಳೆದದ್ದು ಮನೆಗಳಿಗಾಗಿ ಅಲ್ಲ, ಮಧ್ಯಯುಗದ ಚರ್ಚುಗಳಿಗಾಗಿ. ಕರಗಿದ ಗಾಜಿಗೆ ಕೋಬಾಲ್ಟ್ ಸೇರಿದರೆ ನೀಲಿ, ತಾಮ್ರ ಸೇರಿದರೆ ಕೆಂಪು. ಕತ್ತರಿಸಿದ ತುಂಡುಗಳನ್ನು ಸೀಸದ ಪಟ್ಟಿಗಳಲ್ಲಿ ಹೊಂದಿಸಿದರೆ ಚಿತ್ರ. 16ನೆಯ ಶತಮಾನದ ಸ್ವಿಸ್ ಪಟ್ಟಣಿಗರು ಕುಲಲಾಂಛನವುಳ್ಳ ಸಣ್ಣ ಗಾಜಿನ ಫಲಕಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಅವು ಮನೆಯ ಕಿಟಕಿಗಳನ್ನೂ ಸೇರಿದವು. ಇಂಗ್ಲೆಂಡಿನಲ್ಲಂತೂ ಕಿಟಕಿಯೇ ಸಿರಿವಂತಿಕೆಯ ಗುರುತು, ಏಕೆಂದರೆ ಅದಕ್ಕೂ ತೆರಿಗೆಯಿತ್ತು! ಗಾಜಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾದವು. 1861ರಲ್ಲಿ ವಿಲಿಯಂ ಮಾರಿಸ್ ಗೆಳೆಯರೊಡನೆ ಆರಂಭಿಸಿದ ಸಂಸ್ಥೆ ಚರ್ಚುಗಳಿಗಷ್ಟೇ ಅಲ್ಲದೆ ಮನೆಗಳಿಗೂ ಚಿತ್ರಗಾಜು ಮಾಡಿಕೊಟ್ಟಿತು. ಅಮೆರಿಕದ ಹೊಸ ಧನಿಕರಿಗೆ ಲಾ ಫಾರ್ಜ್ ಮತ್ತು ಟಿಫಾನಿ ಪೈಪೋಟಿಯಿಂದ ಹಾಲುಹೊಳಪಿನ ಗಾಜನ್ನು ಒದಗಿಸಿದರು.

ಮೈಸೂರಿನ ಕತೆ ಬೆಂಕಿಯಿಂದ ಆರಂಭವಾಗುತ್ತದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಹೊಣೆಯನ್ನು ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. ಚೆನ್ನೈಯಲ್ಲಿರುವ ಓದುಗರು ಹೈಕೋರ್ಟಿನ ಕಟ್ಟಡದಲ್ಲಿ ಅವನ ಕೈಚಳಕವನ್ನು ಕಂಡೇ ಇರುತ್ತಾರೆ. 1912ರಲ್ಲಿ ಅರಮನೆ ಪೂರ್ಣಗೊಂಡಿತು. ಖರ್ಚು 41 ಲಕ್ಷ ರೂಪಾಯಿಗೂ ಮೀರಿತು. ಮದುವೆಯ ಹೊತ್ತಿನಲ್ಲಿ ಸುಟ್ಟ ಮನೆಯ ಹೊಸ ಮದುವೆ ಮಂಟಪಕ್ಕೆ ಎರಕದ ಕಬ್ಬಿಣದ ಕಂಬ, ಗಾಜಿನ ಛಾವಣಿ! ಬೆಂಕಿಯ ನೆನಪು ಆ ಆಯ್ಕೆಯಲ್ಲಿ ಇದ್ದೀತೆಂದೇ ನನ್ನ ಊಹೆ.

ಕಂಬಗಳೂ ಚೌಕಟ್ಟೂ ಗಾಜೂ ಗ್ಲಾಸ್ಗೋದಿಂದ, ವಾಲ್ಟರ್ ಮ್ಯಾಕ್‌ಫರ್ಲೇನನ ಸ್ಯಾರಸೆನ್ ಫೌಂಡ್ರಿಯಿಂದ, ಹಡಗೇರಿ ಬಂದವು. ನೆಲದ ಹೆಂಚುಗಳೂ ಇಂಗ್ಲೆಂಡಿನವು. ಆದರೆ ಗಾಜಿನ ನವಿಲುಗಳ ವಿನ್ಯಾಸ ಮೈಸೂರಿನ ಕಲಾವಿದರದು. ನಮ್ಮ ಹೆಮ್ಮೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಾರ್ಗದರ್ಶಿಗಳು ಗ್ಲಾಸ್ಗೋದ ಹೆಸರನ್ನು ತಪ್ಪದೆ ಹೇಳುತ್ತಾರೆ. ನವಿಲನ್ನು ಕಾಗದದ ಮೇಲೆ ಮೊದಲು ಮೂಡಿಸಿದವರ ಹೆಸರನ್ನು ನಾನಂತೂ ಅವರ ಬಾಯಲ್ಲಿ ಕೇಳಿಲ್ಲ.

ಕುತ್ತಿಗೆ ನೋಯುವವರೆಗೆ ಮೇಲೆ ನೋಡಿದವರು ಒಮ್ಮೆ ಗೋಡೆಗಳನ್ನೂ ನೋಡಬೇಕು. ಅಲ್ಲಿ ದಸರಾ ಮೆರವಣಿಗೆ ಸಾಗುತ್ತಿದೆ. ಛಾಯಾಚಿತ್ರಗಳನ್ನು ಆಧರಿಸಿ ಬರೆದ ಆ ಮುಖಗಳು ಅಂದು ಬೀದಿಯಲ್ಲಿ ನಡೆದ ಮೈಸೂರಿಗರದೇ.