ಗುಳೆ

ಯುದ್ಧ, ದರೋಡೆ ಅಥವಾ ಬರಕ್ಕೆ ಹೆದರಿ ಊರಿಗೆ ಊರೇ ಮನೆಮಠ ಬಿಟ್ಟು ಹೊರಡುವುದನ್ನು ಕನ್ನಡ ‘ಗುಳೆ’ ಎಂದಿತು. ಹಳೆಯ ರೂಪ ‘ಗೂಳೆಯ’. ‘ವಲಸೆ’ಯ ಹುಟ್ಟೂ ಇಂಥದ್ದೇ, ಶತ್ರುಸೈನ್ಯಕ್ಕೆ ಅಂಜಿ ಊರು ಬಿಡುವುದು ಎಂಬ ಅರ್ಥ ತೆಲುಗಿನ ‘ವಲಸ’ಕ್ಕೂ ಇದೆ. ಮುಂದೆ ವಲಸೆ ಭಯವನ್ನು ಕಳೆದುಕೊಂಡಿತು. ಈಗ ಹಕ್ಕಿಗಳೂ ವಲಸೆ ಬರುತ್ತವೆ.

ಗುಳೆ ಮಾತ್ರ ತನ್ನ ನೋವನ್ನು ಬಿಡಲಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆ ಮಳೆ ಕೈಕೊಟ್ಟಾಗ, ಸುಗ್ಗಿಯ ಕೂಲಿ ಮುಗಿದಾಗ, ಪಾತ್ರೆ, ಹಾಸಿಗೆ, ಕೂಸುಗಳೊಂದಿಗೆ ಬೆಂಗಳೂರಿನ ರೈಲು, ಬಸ್ಸು ಹತ್ತುವುದೇ ‘ಗುಳೆ ಹೋಗುವುದು’. ಮುಂಗಾರು ಬಂದರೆ ಮರಳಿ ಊರು. ಈ ಹೋಗಿಬರುವ ಲಯದ ನೋವನ್ನು ವಲಸೆ ಎಂಬ ಪದ ಹಿಡಿಯಲಾರದು.

ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷ. 2011ರಲ್ಲಿ 96 ಲಕ್ಷ. ಈ ಬೆಳವಣಿಗೆಯ ಮಾತು ಬಂದಾಗಲೆಲ್ಲ ನಾವು ಹೊರರಾಜ್ಯದವರನ್ನೇ ಹೆಸರಿಸುತ್ತೇವೆ. ಆದರೆ ಬೆಳೆದ ನಗರದ ಹೊಸ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ, ಶೆಡ್ಡುಗಳಲ್ಲಿ ರೊಟ್ಟಿ ಬಡಿಯುವ ನಮ್ಮವರೂ ಇದ್ದಾರೆ. ಕನ್ನಡವೇ ಅವರ ಮಾತು. 1979ರ ವಲಸೆ ಕಾರ್ಮಿಕರ ಕಾಯ್ದೆ ರೂಪುಗೊಂಡದ್ದು ರಾಜ್ಯದ ಗಡಿ ದಾಟಿದವರಿಗಾಗಿ. ರಾಜ್ಯದೊಳಗೇ ಗುಳೆ ಬಂದವರು ಅದರ ವ್ಯಾಖ್ಯೆಯೊಳಗೆ ಬರಲೇ ಇಲ್ಲ. ಇದು ದೊಡ್ಡ ಅನ್ಯಾಯ.

ವಲಸೆ ಎಂದು ಬರೆಯುವ ಮುನ್ನ ಪತ್ರಕರ್ತರೂ ಅಧಿಕಾರಿಗಳೂ ಒಮ್ಮೆ ಯೋಚಿಸಲಿ. ಗುಳೆಯನ್ನು ಗುಳೆ ಎಂದೇ ಬರೆಯಲಿ.